ಲೆಕ್ಕಕ್ಕೆ ಬಾರದ ಬೆಕ್ಕಿನ ಪ್ರಾಣ

ಪಾಪ ಮಾಡಿದವನಿಗೆ ಕಡೆಯಲ್ಲಿ ಶಿಕ್ಷೆಯಾಗುವ ಕಥೆಯೆಲ್ಲವೂ ನೀತಿಕಥೆಯೇ ಎಂಬ ನಂಬಿಕೆ ಲೋಕದಲ್ಲಿ ಬಹುಕಾಲದಿಂದ ಬೇರೂರಿದೆ. ಈ ನಂಬಿಕೆಯ ಮರೆಯಲ್ಲಿ ಎಂಥೆಂಥ ಸರಕು ಮನೆಯೊಳಗೆ ಬಂದುಬಿಡುತ್ತದೆ ಎಂಬುದನ್ನು ತಿಳಿಯಲು ಅಮೆರಿಕದ ಒಂದು ದೂರದರ್ಶನ ಮಾಲಿಕೆಯನ್ನು ಪರೀಕ್ಷಿಸಿದರೆ ಸಾಕು. ಅದರ ಹೆಸರು 'ಟೇಲ್ಸ್ ಫ್ರಮ್ ದಿ ಕ್ರಿಪ್ಟ್'. ಸಮಾಧಿಯ ನೆಲಮಾಳಿಗೆಯಿಂದ ಬಂದ ಕಥೆಗಳು ಎಂಬುದು ಅದರ ಅರ್ಥ. ಚಂದಾದಾರರಿಗಷ್ಟೇ ಲಭ್ಯವಿದ್ದ ಎಚ್‌ಬಿಒ ವಾಹಿನಿಯಲ್ಲಿ 1989ರ ಜೂನ್ 10ರಂದು ಆರಂಭವಾದ ಈ ಮಾಲಿಕೆ 1996ರ ಜುಲೈವರೆಗೆ ಏಳು ಆವೃತ್ತಿಗಳಲ್ಲಿ ಒಟ್ಟು 93 ಕಂತುಗಳಾಗಿ ಪ್ರಸಾರವಾಯಿತು. 2005ರಿಂದ 2007ರ ಅವಧಿಯಲ್ಲಿ ವಾರ್ನರ್ ಸಂಸ್ಥೆ ಏಳೂ ಆವೃತ್ತಿಗಳನ್ನು ಡಿವಿಡಿ ಪೆಟ್ಟಿಗೆಗಳಲ್ಲಿ ಮಾರುಕಟ್ಟೆಗೆ ತಂದಿತು. ಹದಿಹರೆಯದಲ್ಲಿ ಇದನ್ನು ಕದ್ದುಮುಚ್ಚಿ ನೋಡಿದವರು ಇಂದು ಮಕ್ಕಳ ತಂದೆತಾಯಿಗಳಾಗಿದ್ದಾರೆ. ಅದೇ ಪೆಟ್ಟಿಗೆಯನ್ನು ಕೊಂಡು ಮನೆಯಲ್ಲಿ ಮತ್ತೆ ನೋಡುತ್ತಾರೆ. ನೋಡಿ, 'ಇದರಲ್ಲಿ ನೀತಿಯೂ ಇದೆ' ಎಂದು ಸಮರ್ಥಿಸುತ್ತಾರೆ. ವಿಚಾರಕ್ಕೆ ಒಳಪಡಬೇಕಾದುದು ಈ ಸಮರ್ಥನೆ.

ಮಾಲಿಕೆಯ ರಚನೆ ಸರಳವಾದುದು. ಪಾಳುಬಿದ್ದ ಮಹಲಿನ ಮೆಟ್ಟಿಲಿಳಿದು ಕ್ಯಾಮೆರಾ ನೆಲಮಾಳಿಗೆ ಸೇರುತ್ತದೆ. ಶವಪೆಟ್ಟಿಗೆಯ ಮುಚ್ಚಳ ತೆರೆದು ಕೊಳೆತ ಹೆಣದ ರೂಪದ ಗೊಂಬೆಯೊಂದು ಕೇಕೆ ಹಾಕಿ ಮೇಲೇಳುತ್ತದೆ. ಇದೇ 'ಕ್ರಿಪ್ಟ್ ಕೀಪರ್'. ಗೊಂಬೆಯನ್ನು ರೂಪಿಸಿದವರು ಕೆವಿನ್ ಯಾಗರ್, ಧ್ವನಿಯಿತ್ತವರು ಜಾನ್ ಕಾಸಿರ್. ಸಾವು, ಹೆಣ, ರಕ್ತ ಇವುಗಳ ಮೇಲೆ ಶ್ಲೇಷೆ ಕಟ್ಟುತ್ತ ಅದು ಕಥೆಯನ್ನು ಪರಿಚಯಿಸುತ್ತದೆ. ಅರ್ಧ ಗಂಟೆಯ ಕಥೆ ಮುಗಿದೊಡನೆ ಮತ್ತೆ ಬಂದು ಸತ್ತವನ ಮೇಲೆ ಇನ್ನೊಂದು ಶ್ಲೇಷೆ ಎಸೆದು ನಗುತ್ತದೆ. ಕಥೆಗಳ ಮೂಲ 1950ರ ದಶಕದ ಆರಂಭದಲ್ಲಿ ವಿಲಿಯಂ ಗೇನ್ಸ್ ಎಂಬ ಪ್ರಕಾಶಕರ 'ಇ.ಸಿ. ಕಾಮಿಕ್ಸ್' ಹೊರತಂದ ಚಿತ್ರಕಥಾ ಪುಸ್ತಕಗಳು. ಅಲ್ಲಿಯೂ ನಿರೂಪಕನ ನಗೆಯಿತ್ತು, ಅಲ್ಲಿಯೂ ದುಷ್ಟನಿಗೆ ಕೊನೆಯ ಪುಟದಲ್ಲಿ ಘೋರ ಶಿಕ್ಷೆ ಕಾದಿರುತ್ತಿತ್ತು.

ಸಮರ್ಥಕರ ಮೊದಲನೆಯ ವಾದ ಇದೇ ಶಿಕ್ಷೆಯನ್ನು ಆಧರಿಸಿದೆ. ಕೊಂದವನು ಸಾಯುತ್ತಾನೆ, ಮೋಸಗಾರ ಮೋಸಹೋಗುತ್ತಾನೆ, ದುರಾಸೆಯವನು ಆಸೆಗೇ ಬಲಿಯಾಗುತ್ತಾನೆ. ಇದಕ್ಕಿಂತ ನೀತಿ ಬೇಕೆ ಎಂಬುದು ಅವರ ಪ್ರಶ್ನೆ. ಮೇಲ್ನೋಟಕ್ಕೆ ಜಮಾಖರ್ಚು ತಾಳೆಯಾದಂತೆಯೇ ಕಾಣುತ್ತದೆ. ಆದರೆ ಲೆಕ್ಕ ತಾಳೆಯಾಯಿತೆಂದು ಹೇಳುವ ಮುನ್ನ ಎಲ್ಲ ಬಾಬುಗಳೂ ಕೀರ್ದಿಗೆ ಬಂದಿವೆಯೇ ಎಂದು ನೋಡುವುದು ವ್ಯವಹಾರದ ಮೊದಲ ಪಾಠ. ಮೊದಲ ರಾತ್ರಿ ಒಟ್ಟಿಗೆ ಪ್ರಸಾರವಾದ ಮೂರು ಕಂತುಗಳನ್ನೇ ತೆಗೆದುಕೊಳ್ಳಬಹುದು.

ರಾಬರ್ಟ್ ಝೆಮೆಕಿಸ್ ನಿರ್ದೇಶಿಸಿದ ಕಂತಿನಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಒಬ್ಬಳು ಗಂಡನನ್ನು ಕೊಲ್ಲುತ್ತಾಳೆ. ಆಸ್ಪತ್ರೆಯಿಂದ ತಪ್ಪಿಸಿಕೊಂಡು ಸಾಂತಾಕ್ಲಾಸ್ ವೇಷ ತೊಟ್ಟ ಹುಚ್ಚನೊಬ್ಬ ಮನೆಯ ಸುತ್ತ ಸುಳಿಯುತ್ತಾನೆ. ಪುಟ್ಟ ಮಗಳು ನಿಜವಾದ ಸಾಂತಾಕ್ಲಾಸನೇ ಬಂದನೆಂದು ನಂಬಿ ಅವನನ್ನು ಒಳಗೆ ಕರೆತರುತ್ತಾಳೆ. ಕೊಲೆಗಡುಕಿಗೆ ತಕ್ಕ ಶಾಸ್ತಿ ಎಂದು ಪ್ರೇಕ್ಷಕ ತೃಪ್ತನಾಗುತ್ತಾನೆ. ಆದರೆ ಆ ಮಗು ಮಾಡಿದ ಅಪರಾಧವೇನು? ತಂದೆ ಹೆಣವಾಗಿದ್ದಾನೆ, ತಾಯಿ ಕೊಲೆಗಾರ್ತಿ, ಕೈಹಿಡಿದು ಕರೆತಂದವನು ಹುಚ್ಚ. ಅವಳ ಮುಂದಿನ ಗತಿಯನ್ನು ಕಥೆ ಕೇಳುವುದಿಲ್ಲ. ಶಿಕ್ಷೆಯ ಯಂತ್ರಕ್ಕೆ ಆ ಮಗು ಒಂದು ಕೀಲಿಕೈ ಮಾತ್ರ. ಬಾಗಿಲು ತೆರೆದೊಡನೆ ಕೀಲಿಕೈಯ ಕೆಲಸ ಮುಗಿಯಿತು.

ವಾಲ್ಟರ್ ಹಿಲ್ ನಿರ್ದೇಶಿಸಿದ ಮೊದಲ ಕಂತಿನಲ್ಲಿ ಮರಣದಂಡನೆ ರದ್ದಾದುದರಿಂದ ಕೆಲಸ ಕಳೆದುಕೊಂಡ ವಿದ್ಯುತ್ ಕುರ್ಚಿಯ ವಧಕನೊಬ್ಬ, ನ್ಯಾಯಾಲಯ ಬಿಡುಗಡೆ ಮಾಡಿದವರನ್ನು ತಾನೇ ಅಪರಾಧಿಗಳೆಂದು ನಿಶ್ಚಯಿಸಿ ವಿದ್ಯುತ್ತಿನಿಂದ ಕೊಲ್ಲತೊಡಗುತ್ತಾನೆ. ಕಡೆಗೆ ಅದೇ ಕುರ್ಚಿಯಲ್ಲಿ ಅವನೂ ಕೂರಬೇಕಾಗುತ್ತದೆ. ದಂಡಿಸುವ ಅಧಿಕಾರದಲ್ಲಿ ರುಚಿ ಕಂಡವನ ಕಥೆಯಿದು, ವಿಚಾರಕ್ಕೆ ಯೋಗ್ಯವಾದ ವಸ್ತು. ಕಥೆಯುದ್ದಕ್ಕೂ ಅವನು ನೇರವಾಗಿ ಪ್ರೇಕ್ಷಕನತ್ತ ತಿರುಗಿ ಮಾತನಾಡುತ್ತಾನೆ. ಅವನ ಪ್ರತಿಯೊಂದು ಕೊಲೆಗೂ ಪ್ರೇಕ್ಷಕನೇ ಆಪ್ತ ಸ್ನೇಹಿತ. ಆದರೆ ಕೊನೆಯಲ್ಲಿ ಶಿಕ್ಷೆ ಅವನೊಬ್ಬನ ಪಾಲಿಗೆ ಮಾತ್ರ. ಜೊತೆಯಲ್ಲಿ ಕುಳಿತು ರುಚಿ ನೋಡಿದವನು ನಿಷ್ಕಳಂಕನಾಗಿ ಮಲಗಲು ಹೋಗುತ್ತಾನೆ. ಸಹಭಾಗಿಯ ಪಾಲನ್ನು ಕೈಬಿಟ್ಟು ಬರೆದ ಲೆಕ್ಕ ಎಂದಿಗೂ ಸರಿಯಾದುದಲ್ಲ.

ಎರಡನೆಯ ವಾದ ಇನ್ನಷ್ಟು ಸುಲಭದ್ದು. ಇದೆಲ್ಲ ರಬ್ಬರು, ಬಣ್ಣದ ನೀರು ಮತ್ತು ಗೊಂಬೆ. ಯಾರೂ ಸತ್ತಿಲ್ಲ, ಎಲ್ಲವೂ ನಗೆಗಾಗಿ ಎಂದು ಹೇಳಲಾಗುತ್ತದೆ. ಜನ್ನ ಕವಿಯ 'ಯಶೋಧರ ಚರಿತೆ'ಯನ್ನು ಬಲ್ಲ ಮನೆಗಳಲ್ಲಿ ಈ ವಾದಕ್ಕೆ ಉತ್ತರವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಕ್ರಿ.ಶ. 1209ರ ಆ ಕಾವ್ಯದಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ಕಡಿದದ್ದು ಜೀವಂತ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ತಾಯಿ ಮಗ ಇಬ್ಬರೂ ಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನರಳಿದರು. ಹಿಟ್ಟಿಗೆ ನೋವಿಲ್ಲ, ಎತ್ತಿದ ಕೈಯ ಹಿಂದಿನ ಸಂಕಲ್ಪಕ್ಕೆ ಫಲವುಂಟು. ನೋಡುವವನು ಕತ್ತಿ ಎತ್ತಿದವನಲ್ಲ ಎಂಬುದು ನಿಜ; ಎರಡನ್ನೂ ಒಂದೇ ತೂಕದಲ್ಲಿ ತೂಗುವುದು ಅನ್ಯಾಯವಾದೀತು. ಆದರೆ ಮಾಡಿದ್ದು, ಮಾಡಿಸಿದ್ದು, ಒಪ್ಪಿ ಸಂತೋಷಪಟ್ಟದ್ದು ಎಂಬ ಮೂರು ಬಗೆಗಳನ್ನು ಶಾಸ್ತ್ರ ಎಣಿಸಿದ್ದು ವ್ಯರ್ಥವಾಗಿಯಲ್ಲ. ಮೂರನೆಯದಾದ ಅನುಮೋದನೆಗೆ ಕತ್ತಿಯ ಅಗತ್ಯವೇ ಇಲ್ಲ, ಒಂದು ಆಸನ ಸಾಕು.

ಇಲ್ಲಿ ನಗೆಯ ಕೆಲಸವೇನೆಂಬುದನ್ನು ಗಮನಿಸಬೇಕು. ಮನುಷ್ಯನೊಬ್ಬ ಸಾಯುವುದನ್ನು ಕಂಡಾಗ, ಅವನು ದುಷ್ಟನೇ ಆಗಿದ್ದರೂ, ಮನಸ್ಸು ಒಂದು ಕ್ಷಣ ತಡೆದು ನಿಲ್ಲುತ್ತದೆ. ಕರುಣೆ ಹುಟ್ಟುವುದು ಆ ಒಂದು ಕ್ಷಣದಲ್ಲಿ. ಕ್ರಿಪ್ಟ್ ಕೀಪರ್ ಎಂಬ ಗೊಂಬೆ ಸರಿಯಾಗಿ ಆ ಕ್ಷಣಕ್ಕೇ ಹಾಜರಾಗುತ್ತದೆ. ಬಾಯಿಗೆ ಬಂದ 'ಅಯ್ಯೋ' ಎಂಬ ಶಬ್ದವನ್ನು ನುಂಗಿಸಿ ಅದರ ಸ್ಥಳದಲ್ಲಿ ನಗೆಯನ್ನು ಇಡುತ್ತದೆ. 1990ರ 'ಕಟಿಂಗ್ ಕಾರ್ಡ್ಸ್' ಎಂಬ ಕಂತು ಇದಕ್ಕೆ ನಿದರ್ಶನ. ಹಟಕ್ಕೆ ಬಿದ್ದ ಇಬ್ಬರು ಜೂಜುಕೋರರು ಬೆರಳುಗಳನ್ನೇ ಪಣವಾಗಿಟ್ಟು ಕತ್ತರಿಸಿಕೊಳ್ಳುತ್ತ ಹೋಗಿ, ಕಡೆಗೆ ಕೈಕಾಲುಗಳಿಲ್ಲದೆ ಆಸ್ಪತ್ರೆಯಲ್ಲಿ ಕುಳಿತು ಚೌಕದ ಆಟವಾಡುತ್ತ ಜಗಳವಾಡುತ್ತಾರೆ. ಜೂಜಿನ ವಿರುದ್ಧ ಇದಕ್ಕಿಂತ ತೀಕ್ಷ್ಣ ಎಚ್ಚರಿಕೆಯಿಲ್ಲ ಎನ್ನುವವರಿದ್ದಾರೆ. ಪ್ರೇಕ್ಷಕ ಅಲ್ಲಿ ಕಾಯುವುದು ಜೂಜು ನಿಲ್ಲಲೆಂದೋ, ಮುಂದಿನ ಬೆರಳು ಬೀಳಲೆಂದೋ? ಪ್ರಾಮಾಣಿಕ ಉತ್ತರ ಎಲ್ಲರಿಗೂ ಗೊತ್ತು. ಜೂಜುಕೋರನನ್ನು ಖಂಡಿಸುತ್ತಲೇ ಪ್ರೇಕ್ಷಕನೂ ಪಣ ಕಟ್ಟಿ ಕುಳಿತಿದ್ದಾನೆ.

ಈ ಮಾಲಿಕೆಯನ್ನು ನಿರ್ಮಿಸಿದವರಿಗೆ ಬೇರೆ ದಾರಿ ಗೊತ್ತಿರಲಿಲ್ಲವೆಂದಲ್ಲ. 1991ರಲ್ಲಿ ಬಂದ 'ಯೆಲ್ಲೊ' ಎಂಬ ಕಂತು ಅದಕ್ಕೆ ಸಾಕ್ಷಿ. ಮೊದಲ ಮಹಾಯುದ್ಧದ ಕಾಲದಲ್ಲಿ ಹೆದರಿ ಕರ್ತವ್ಯ ತಪ್ಪಿದ ಮಗನಿಗೆ ಗುಂಡಿಕ್ಕುವ ಶಿಕ್ಷೆಯಾಗಿದೆ. ತಂದೆಯೇ ಸೇನಾಧಿಕಾರಿ, ಆ ಪಾತ್ರದಲ್ಲಿ ಕರ್ಕ್ ಡಗ್ಲಸ್. ಬಂದೂಕುಗಳಲ್ಲಿ ಗುಂಡಿರುವುದಿಲ್ಲವೆಂದು ತಂದೆ ಮಗನಿಗೆ ಮಾತು ಕೊಡುತ್ತಾನೆ. ಮಗ ತಲೆಯೆತ್ತಿ ಧೈರ್ಯದಿಂದ ನಿಲ್ಲುತ್ತಾನೆ. ಗುಂಡುಗಳು ನಿಜವಾದವೇ ಆಗಿರುತ್ತವೆ. ಇಲ್ಲಿ ಭಯವಿದೆ, ಸಾವಿದೆ, ಆದರೆ ಸಾವನ್ನು ಸವಿಯುವ ಅವಕಾಶ ಪ್ರೇಕ್ಷಕನಿಗಿಲ್ಲ. ಕುಲಗೌರವ ಎಂಬುದು ತಂದೆಯ ಕೈಯಿಂದ ಏನು ಮಾಡಿಸಬಲ್ಲುದು ಎಂಬ ಪ್ರಶ್ನೆ ಎದೆಯಲ್ಲಿ ಉಳಿಯುತ್ತದೆ. ಭೀಕರತೆಯನ್ನು ತೋರಿಸುವುದೇ ದೋಷವಲ್ಲವೆಂಬುದು ಇದರಿಂದ ಸ್ಪಷ್ಟ. ದೋಷವಿರುವುದು ಭೀಕರತೆಯನ್ನು ತಿಂಡಿಯಂತೆ ಬಡಿಸುವುದರಲ್ಲಿ.

ಮೂರನೆಯ ವಾದ ನೆನಪಿನ ಮಾಧುರ್ಯದ್ದು. ಬಾಲ್ಯದಲ್ಲಿ ಇದನ್ನೆಲ್ಲ ನೋಡಿ ಬೆಳೆದವರು ಕೊಲೆಗಾರರಾಗಲಿಲ್ಲ, ಕಳ್ಳರಾಗಲಿಲ್ಲ. ಹಾಗಿದ್ದಮೇಲೆ ಹಾನಿಯೆಲ್ಲಿ ಎಂದು ಕೇಳುತ್ತಾರೆ. ನೋಡಿದವರು ಕೊಲೆಗಾರರಾಗುತ್ತಾರೆಂದು ಹೇಳಿದ್ದೇ ಹಿಂದಿನ ಖಂಡನಕಾರರ ದೊಡ್ಡ ತಪ್ಪು. 1954ರಲ್ಲಿ ಫ್ರೆಡ್ರಿಕ್ ವರ್ಥಾಮ್ ಎಂಬ ಮನೋವೈದ್ಯರು ಚಿತ್ರಕಥಾ ಪುಸ್ತಕಗಳೇ ಬಾಲಾಪರಾಧಕ್ಕೆ ಕಾರಣವೆಂದು ಗ್ರಂಥ ಬರೆದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಹೆಂಗಸಿನ ಕಡಿದ ತಲೆಯ ಮುಖಪುಟಚಿತ್ರವನ್ನು ಮುಂದಿಟ್ಟು ಇದು ಸದಭಿರುಚಿಯೇ ಎಂದು ಕೇಳಿದಾಗ, ಭೀಕರ ಕಥೆಯ ಪುಸ್ತಕಕ್ಕೆ ಸದಭಿರುಚಿಯೇ ಹೌದು, ತಲೆಯನ್ನು ಇನ್ನಷ್ಟು ಮೇಲೆತ್ತಿ ರಕ್ತ ತೊಟ್ಟಿಕ್ಕುವಂತೆ ತೋರಿಸಿದ್ದರೆ ಆಗ ಅಭಿರುಚಿ ಕೆಟ್ಟಿತೆನ್ನಬಹುದಿತ್ತು ಎಂಬರ್ಥದ ಉತ್ತರವನ್ನು ಗೇನ್ಸ್ ಕೊಟ್ಟರು. ಅಭಿರುಚಿಯನ್ನು ಅಂಗುಲದಲ್ಲಿ ಅಳೆದ ವ್ಯಾಪಾರಿಯ ಉತ್ತರ ಅದು. ಅಂದು ಅವರು ಸೋತದ್ದು ಅದರಿಂದಲೇ.

ಆದರೆ ಗೆದ್ದವರೇನು ಸಾಧಿಸಿದರು? ಪ್ರಕಾಶಕರು ತಾವಾಗಿಯೇ ಕಟ್ಟಿಕೊಂಡ ನಿಯಂತ್ರಣ ಸಂಹಿತೆ 1954ರಲ್ಲಿಯೇ ಜಾರಿಗೆ ಬಂದು ಭೀಕರ ಕಥೆಗಳ ಪುಸ್ತಕಗಳು ನಿಂತುಹೋದವು. ಅದೇ ಸಂಸ್ಥೆ ವರ್ಣಭೇದವನ್ನು ಖಂಡಿಸಿ ಪ್ರಕಟಿಸಿದ್ದ 'ಜಡ್ಜ್‌ಮೆಂಟ್ ಡೇ' ಎಂಬ ಕಥೆಯನ್ನು ಪುನರ್ಮುದ್ರಿಸಲು ಹೊರಟಾಗ, ಕಥಾನಾಯಕನಾದ ಗಗನಯಾತ್ರಿ ಕಪ್ಪು ಜನಾಂಗದವನಾಗಿರಬಾರದೆಂದು ಸಂಹಿತೆಯ ಅಧಿಕಾರಿಗಳು ಆಕ್ಷೇಪಿಸಿದರು. ಗೇನ್ಸ್ ಮಣಿಯದೆ ಕಥೆಯನ್ನು ಇದ್ದಂತೆಯೇ ಪ್ರಕಟಿಸಿದರು. ಕೆಟ್ಟದ್ದನ್ನು ತಡೆಯಲು ನಿಂತ ಕಾವಲುಗಾರ ಒಳ್ಳೆಯದರ ಕುತ್ತಿಗೆಗೇ ಕೈ ಹಾಕಿದ. ಇತ್ತ 2012ರಲ್ಲಿ ಕ್ಯಾರೊಲ್ ಟಿಲ್ಲಿ ಎಂಬ ವಿದುಷಿ ವರ್ಥಾಮ್ ಅವರ ಕಾಗದಪತ್ರಗಳನ್ನು ಪರಿಶೀಲಿಸಿ, ಅವರು ಮಕ್ಕಳ ಹೇಳಿಕೆಗಳನ್ನು ತಿದ್ದಿ ತಿರುಚಿದ್ದರೆಂದು ತೋರಿಸಿಕೊಟ್ಟರು. ಸುಳ್ಳಿನ ಆಧಾರದ ಮೇಲೆ ಕಟ್ಟಿದ ನೀತಿ ನೀತಿಯಲ್ಲ. ನಿಷೇಧದ ಠರಾವು ಬರೆದು ಕರ್ತವ್ಯ ಮುಗಿಯಿತೆಂದುಕೊಳ್ಳುವ ಸಂಸ್ಥೆಗಳು ಈ ಚರಿತ್ರೆಯನ್ನು ಓದಿಕೊಳ್ಳಬೇಕು. ನಿಷೇಧಿಸಿದ ಕಥೆಗಳೇ ಮೂವತ್ತೈದು ವರ್ಷಗಳ ತರುವಾಯ ದೊಡ್ಡ ನಿರ್ದೇಶಕರ ಕೈಯಲ್ಲಿ ಮರಳಿ ಬಂದವು.

ಹಾನಿ ಇರುವುದು ಅಪರಾಧದಲ್ಲಲ್ಲ, ಅಭ್ಯಾಸದಲ್ಲಿ. ಬೇರೊಬ್ಬನ ಸಾವಿಗೆ ನಗುವುದನ್ನು ಕಲಿತವನು ಕೊಲ್ಲುವುದಿಲ್ಲ. ಆದರೆ ಮರುಗಬೇಕಾದಲ್ಲಿ ಮರುಗುವುದಿಲ್ಲ. ಈ ನಷ್ಟ ಯಾವ ಪೊಲೀಸ್ ಠಾಣೆಯ ದಾಖಲೆಯಲ್ಲಿಯೂ ಸಿಗುವುದಿಲ್ಲ. ವಯಸ್ಕರಿಗೆ ಮಾತ್ರವೆಂಬ ಬೇಲಿ ಎಷ್ಟು ಗಟ್ಟಿಯೆಂಬುದಕ್ಕೂ ಸಾಕ್ಷ್ಯವಿದೆ. ಅದೇ ಕೊಳೆತ ಹೆಣದ ಗೊಂಬೆಯನ್ನು ನಾಯಕನಾಗಿಸಿ 1993ರಲ್ಲಿ ಎಬಿಸಿ ವಾಹಿನಿಯಲ್ಲಿ ಮಕ್ಕಳಿಗಾಗಿ ಕಾರ್ಟೂನ್ ಮಾಲಿಕೆ ಬಂದಿತು. 1996ರಲ್ಲಿ ಸಿಬಿಎಸ್‌ನಲ್ಲಿ ಮಕ್ಕಳ ಸ್ಪರ್ಧಾ ಕಾರ್ಯಕ್ರಮವೂ ಬಂದಿತು. ರಕ್ತವನ್ನು ಸೋಸಿ ನಗೆಯನ್ನು ಮಾತ್ರ ಮಕ್ಕಳಿಗೆ ಕೊಟ್ಟರು. ಮುಖ್ಯ ಸರಕು ನಗೆಯೇ ಎಂಬುದು ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಪೆಟ್ಟಿಗೆಯನ್ನು ಸುಡಬೇಕೆ? ಬೇಡ. ಮಕ್ಕಳ ಕೈಗೆ ಎಟುಕದಂತಿಡಬೇಕು, ಅದು ಸಾಮಾನ್ಯ ವಿವೇಕ. ಹಿರಿಯರು ನೋಡುವುದಾದರೆ, ಮೊದಲ ರಾತ್ರಿಯ ಮೂರನೆಯ ಕಥೆಯನ್ನು ಎಚ್ಚರದಿಂದ ನೋಡಬೇಕು. ರಿಚರ್ಡ್ ಡಾನರ್ ನಿರ್ದೇಶಿಸಿದ ಆ ಕಥೆಯಲ್ಲಿ ವೈದ್ಯನೊಬ್ಬ ಬೆಕ್ಕಿನ ಗ್ರಂಥಿಯನ್ನು ತೆಗೆದು ನಿರ್ಗತಿಕನೊಬ್ಬನ ದೇಹಕ್ಕೆ ಜೋಡಿಸುತ್ತಾನೆ. ಬೆಕ್ಕಿಗಿರುವವೆಂದು ಹೇಳುವ ಒಂಬತ್ತು ಪ್ರಾಣಗಳು ಅವನಿಗೆ ದಕ್ಕುತ್ತವೆ. ಅವನು ಜನರ ಮುಂದೆ ಸತ್ತು ತೋರಿಸಿ ಹಣ ಗಳಿಸುತ್ತಾನೆ. ಒಂದೊಂದು ಸಾವಿಗೂ ಪ್ರೇಕ್ಷಕರು, ಪ್ರವೇಶದ ಹಣ. ಇನ್ನೂ ಒಂದು ಪ್ರಾಣ ಉಳಿದಿದೆಯೆಂಬ ಧೈರ್ಯದಿಂದ ಜೀವಂತ ಸಮಾಧಿಯ ಪ್ರದರ್ಶನಕ್ಕೆ ಒಪ್ಪಿ ಮಣ್ಣಿನಡಿ ಮಲಗುತ್ತಾನೆ. ಅಲ್ಲಿ ಕತ್ತಲೆಯಲ್ಲಿ ಲೆಕ್ಕ ಹಾಕುವಾಗ ತಪ್ಪು ಹೊಳೆಯುತ್ತದೆ. ಗ್ರಂಥಿ ತೆಗೆದಾಗ ಬೆಕ್ಕು ಸತ್ತಿತ್ತು. ಆ ಸಾವೇ ಮೊದಲನೆಯದು. ಅದನ್ನು ಅವನು ಎಣಿಸಿಯೇ ಇರಲಿಲ್ಲ.

ಇಡೀ ಮಾಲಿಕೆಯಲ್ಲಿ ಅಡಗಿರುವ ಸತ್ಯ ಇದೊಂದೇ, ಅದೂ ನಿರ್ಮಾಪಕರು ಅರಿತು ಇಟ್ಟದ್ದೋ ಅರಿಯದೆ ಬಿದ್ದದ್ದೋ ಹೇಳುವಂತಿಲ್ಲ. ಸಾವಿನ ಪ್ರದರ್ಶನಕ್ಕೆ ಹಣ ಕೊಟ್ಟು ಬಂದ ಆ ಜನರು ತೆರೆಯ ಆಚೆ ಮಾತ್ರವಲ್ಲ, ಈಚೆಯೂ ಕುಳಿತಿದ್ದಾರೆ. ಬೆಕ್ಕಿನ ಪ್ರಾಣ ಲೆಕ್ಕಕ್ಕೆ ಬರಲಿಲ್ಲ. ಬಾಗಿಲು ತೆರೆದ ಮಗುವಿನ ಭಯವೂ ಬರಲಿಲ್ಲ. ನೋಡಿ ನಕ್ಕವರ ಮನಸ್ಸಿಗೆ ಆದದ್ದೂ ಬರಲಿಲ್ಲ. ಶಿಕ್ಷೆಯಾಯಿತು, ಆದ್ದರಿಂದ ನ್ಯಾಯವಾಯಿತು ಎನ್ನುವವರು ಖಾತೆ ಮುಚ್ಚುವ ಮುನ್ನ ಬರೆಯದೆ ಬಿಟ್ಟ ಬಾಬುಗಳನ್ನು ಒಮ್ಮೆ ಎಣಿಸಲಿ. ಮಣ್ಣಿನಡಿ ಮಲಗಿದ ಮೇಲೆ ಎಣಿಸಿದರೆ ಪ್ರಯೋಜನವಿಲ್ಲ.