ಯಂತ್ರ ಬದಲಾಯಿತು, ಅಮ್ಮಿಯ ಮಾತು ಉಳಿಯಿತು

2025ರ ನವೆಂಬರ್ ತಿಂಗಳ ಒಂದು ರಾತ್ರಿ. ಮಕ್ಕಳು ಮಲಗಿದ್ದರು. ಎರಡು ದಿನಗಳ ಹಿಂದಷ್ಟೇ ಮನೆಗೆ ಬಂದಿದ್ದ ಹೊಸ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಪೆನ್‌ಡ್ರೈವ್ ಹಾಕಿ, ‘ಅಮ್ಮಿ’ ಎಂಬ ಹೆಸರಿನ ಕಡತವನ್ನು ತೆರೆದೆ. ಎದೆ ಧಸಕ್ಕೆಂದಿತು. ಪರದೆಯ ಮೇಲೆ ಕನ್ನಡದ ಒಂದೇ ಒಂದು ಅಕ್ಷರವಿರಲಿಲ್ಲ. ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀಟು, ಚುಕ್ಕೆಗಳನ್ನು ಹೊತ್ತ ವಿಚಿತ್ರ ಚಿಹ್ನೆಗಳು, ನಡುನಡುವೆ ಬ್ರಿಟನ್ನಿನ ಪೌಂಡ್ ಹಣದ ಗುರುತು. ಐವತ್ತೆರಡು ಪುಟಗಳೂ ಹೀಗೆಯೇ ಇದ್ದವು.

ಆ ಕಡತದಲ್ಲಿ ಇದ್ದದ್ದು ನನ್ನ ತಾಯಿ ಹೇಳಿ ಬರೆಸಿದ ಮಾತುಗಳು. ದಾಲ್ಚಾಕ್ಕೆ ಎಷ್ಟು ಹುಣಸೆ, ಬಾಣಂತಿಗೆ ಯಾವ ಕಷಾಯ, ಹಠ ಮಾಡುವ ಮಗುವಿಗೆ ಯಾವ ಕಥೆ ಎಂದು ಅಮ್ಮಿ ಮನೆಯ ಉರ್ದುವಿನಲ್ಲಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಅವರು 2017ರಲ್ಲಿ ತೀರಿಕೊಂಡರು. ಕೈಬರಹದ ಪುಸ್ತಕ ಮನೆ ಬದಲಾಯಿಸುವಾಗ ಕಳೆದುಹೋಯಿತು. ಉಳಿದದ್ದು ಈ ಕಡತವೊಂದೇ.

ಸಹೋದರಿಯರೇ, ಮುಂದೇನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು ನನ್ನ ಮತ್ತು ಲ್ಯಾಪ್‌ಟಾಪಿನ ಕಥೆಯನ್ನು ಸ್ವಲ್ಪ ಕೇಳಿ. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಈಗ ಅಂಥದ್ದೊಂದು ಯಂತ್ರವಿದೆ. ಅದು ಹಳತಾದಾಗ ನೀವೂ ಇದೇ ದಾರಿಯಲ್ಲಿ ನಡೆಯಬೇಕಾಗುತ್ತದೆ.

ಮದ್ರಸದಲ್ಲಿ ಓದಿ, ಮದುವೆಯಾದ ಮೇಲೆ ಅಂಚೆ ಶಿಕ್ಷಣದ ಮೂಲಕ ಬಿ.ಎ. ಮುಗಿಸಿದವಳು ನಾನು. ಕಂಪ್ಯೂಟರ್ ಕಲಿತದ್ದು ಶಾಲೆಯ ಕಚೇರಿಯಲ್ಲಿ. ಸಂಜೆ ಮಕ್ಕಳು ಹೋದ ಮೇಲೆ ಅರ್ಧ ಗಂಟೆ ಕುಳಿತು ‘ನುಡಿ’ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದೆ. ಅಮ್ಮಿಯ ಮಾತುಗಳನ್ನೂ ಅಲ್ಲಿಯೇ ಟೈಪ್ ಮಾಡಿ ಪೆನ್‌ಡ್ರೈವಿನಲ್ಲಿ ಮನೆಗೆ ತರುತ್ತಿದ್ದೆ. ಆ ಕಂಪ್ಯೂಟರಿನಲ್ಲಿ ಇದ್ದದ್ದು ವಿಂಡೋಸ್ ಎಕ್ಸ್‌ಪಿ. 2014ರ ಏಪ್ರಿಲ್‌ನಲ್ಲಿ ಅದರ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಶಾಲೆಯ ಕಂಪ್ಯೂಟರ್ ಬದಲಾಗುವ ಮಾತು ಬಂದಾಗ, ಇನ್ನು ನನ್ನದೇ ಒಂದು ಇರಲಿ ಎಂದು ಚೀಟಿ ಎತ್ತಿ 28,000 ರೂಪಾಯಿಗೆ ಲ್ಯಾಪ್‌ಟಾಪ್ ಕೊಂಡೆ.

ಮೊದಲ ವಾರ ಅಳು ಬರುವಂತಾಗಿತ್ತು. ಮೌಸ್ ಹಿಡಿದು ಅಭ್ಯಾಸವಾಗಿದ್ದ ಕೈಗೆ ಬೆರಳಿನಿಂದ ಸವರುವ ಆ ಸಣ್ಣ ಚೌಕ ಒಗ್ಗಲೇ ಇಲ್ಲ. ಟೈಪ್ ಮಾಡುವಾಗ ಅಂಗೈ ತಾಗಿ ಬಾಣದ ಗುರುತು ಎಲ್ಲಿಗೋ ಹಾರುತ್ತಿತ್ತು, ಅರ್ಧ ವಾಕ್ಯ ಇನ್ನೆಲ್ಲೋ ಹೋಗಿ ಕೂರುತ್ತಿತ್ತು. ಕೊನೆಗೆ 250 ರೂಪಾಯಿಯ ಮೌಸ್ ತಂದು ಸಮಾಧಾನ ಮಾಡಿಕೊಂಡೆ. ಆದರೆ ಕರೆಂಟ್ ಹೋದಾಗಲೂ ಕೆಲಸ ನಿಲ್ಲದೆ ನಡೆದಾಗ ಇದರ ಬೆಲೆ ಗೊತ್ತಾಯಿತು. ಮಳೆಗಾಲದ ಶಿವಮೊಗ್ಗದಲ್ಲಿ ಇದು ಸಣ್ಣ ಉಪಕಾರವಲ್ಲ.

ಆರೇಳು ವರ್ಷ ಯಂತ್ರ ಚೆನ್ನಾಗಿ ನಡೆಯಿತು. 2021ರಲ್ಲಿ, ಕೊರೋನಾದ ಆನ್‌ಲೈನ್ ತರಗತಿಗಳ ಕಾಲದಲ್ಲಿ ಅದಕ್ಕೆ ವಯಸ್ಸಾಯಿತು. ಬಟನ್ ಒತ್ತಿ, ಚಹಾಕ್ಕೆ ಹಾಲಿಟ್ಟು, ಸೋಸಿ ತಂದರೂ ಪರದೆ ತೆರೆದುಕೊಂಡಿರುತ್ತಿರಲಿಲ್ಲ. ತರಗತಿಯ ನಡುವೆ ಮಕ್ಕಳು “ಮಿಸ್, ನೀವು ನಿಂತುಬಿಟ್ಟಿದ್ದೀರಿ” ಎಂದು ಕೂಗುತ್ತಿದ್ದರು. ಪೇಟೆಯ ಅಂಗಡಿಗೆ ಒಯ್ದೆ. ಅಲ್ಲಿದ್ದ ಹುಡುಗ ಮುಚ್ಚಳ ತೆರೆದು ನೋಡಿ, ನನ್ನನ್ನು ಬಿಟ್ಟು ಪಕ್ಕದಲ್ಲಿದ್ದ ನನ್ನ ಯಜಮಾನರ ಕಡೆ ತಿರುಗಿ, “ಸರ್, ಇದು ಮುಗೀತು. ಹೊಸದು ತಗೊಳ್ಳಿ. ಇದಕ್ಕೆ ಎಕ್ಸ್‌ಚೇಂಜಲ್ಲಿ ಎರಡು ಸಾವಿರ ಕೊಡ್ತೀವಿ” ಎಂದ. ಹೊಸದರ ಬೆಲೆ 42,000. ಯಂತ್ರವನ್ನು ಬಳಸುವವಳು ನಾನು, ಕಾಯಿಲೆ ಏನೆಂದು ಹೇಳಬಲ್ಲವಳೂ ನಾನೇ. ಆದರೂ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಿದ್ದರೂ ಆಗ ಉತ್ತರ ಹೇಳಲು ನನಗೆ ತಿಳಿಯುತ್ತಿರಲಿಲ್ಲ ಎಂಬುದೂ ನಿಜ.

ಮನೆಗೆ ಮರಳಿದಾಗ ಆಪಾಳ ಮಗ ಬಂದಿದ್ದ. ಡಿಪ್ಲೊಮಾ ಓದಿದ ಹುಡುಗ. “ಖಾಲಾ, ಇಲ್ಲಿ ಕೂತ್ಕೊಳ್ಳಿ. ನಾನು ರಿಪೇರಿ ಮಾಡೋದಕ್ಕಿಂತ ನೀವು ತಿಳ್ಕೊಳ್ಳೋದು ಮುಖ್ಯ” ಎಂದು ಪಕ್ಕದಲ್ಲಿ ಕೂರಿಸಿಕೊಂಡ. ಅವನು ಹೇಳಿದ್ದು ನನಗೆ ಅಡಿಗೆಮನೆಯ ಭಾಷೆಯಲ್ಲಿ ಅರ್ಥವಾಯಿತು. ಅದನ್ನೇ ನಿಮಗೂ ಹೇಳುತ್ತೇನೆ.

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಎಂದರೆ ಉಗ್ರಾಣ. ನಾವು ಉಳಿಸಿದ್ದೆಲ್ಲ ಅಲ್ಲಿರುತ್ತದೆ. ರ‍್ಯಾಮ್ ಎಂದರೆ ಅಡಿಗೆ ಕಟ್ಟೆ. ಈಗ ಮಾಡುತ್ತಿರುವ ಕೆಲಸಕ್ಕೆ ಬೇಕಾದ್ದನ್ನು ಉಗ್ರಾಣದಿಂದ ತಂದು ಹರಡಿಕೊಳ್ಳುವ ಜಾಗ ಅದು. ಕಟ್ಟೆ ಕಿರಿದಾದರೆ ಒಂದನ್ನು ಎತ್ತಿಟ್ಟು ಇನ್ನೊಂದನ್ನು ತರುತ್ತಾ ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ನನ್ನ ಯಂತ್ರದ ಕಟ್ಟೆ 4 ಜಿಬಿ. ಉಗ್ರಾಣವೋ ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಗಳ ಹಳೆಯ ಮಾದರಿ. ಒಂದು ಕಡತ ಬೇಕೆಂದರೆ ತಟ್ಟೆ ತಿರುಗಬೇಕು, ಅದರ ಮೇಲಿನ ಸೂಜಿಯಂಥ ಕೈ ಸರಿದು ಹುಡುಕಬೇಕು. ಈಗಿನ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲವೂ ಚಿಪ್ಪುಗಳಲ್ಲಿ. ಆದ್ದರಿಂದ ಹುಡುಕಾಟ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಹುಡುಗ ಯಂತ್ರಕ್ಕೆ ಕಿವಿಗೊಟ್ಟ. ಒಳಗೆ ಆಗಾಗ ಟಿಕ್ ಟಿಕ್ ಸದ್ದು ಬರುತ್ತಿತ್ತು. “ಡಿಸ್ಕ್ ಸಾಯ್ತಾ ಇದೆ ಖಾಲಾ. ಮೊದಲು ಎಲ್ಲಾ ಕಾಪಿ ಮಾಡ್ಕೊಳ್ಳೋಣ, ಆಮೇಲೆ ಸ್ಕ್ರೂ ಬಿಚ್ಚೋಣ” ಎಂದ. ಈ ಕ್ರಮವನ್ನು ದಯವಿಟ್ಟು ನೆನಪಿಡಿ. ಮೊದಲು ಪ್ರತಿ, ನಂತರ ದುರಸ್ತಿ. ಯಂತ್ರವನ್ನು ಮತ್ತೊಂದು ಕೊಳ್ಳಬಹುದು. ಒಳಗಿದ್ದದ್ದನ್ನು ಯಾವ ಅಂಗಡಿಯೂ ಮಾರುವುದಿಲ್ಲ.

240 ಜಿಬಿಯ ಎಸ್‌ಎಸ್‌ಡಿಗೆ 2,400 ರೂಪಾಯಿ, ಇನ್ನೊಂದು 4 ಜಿಬಿ ರ‍್ಯಾಮ್‌ಗೆ 1,800. ಒಟ್ಟು 4,200 ರೂಪಾಯಿ ಮತ್ತು ಒಂದು ರವಿವಾರದ ಮಧ್ಯಾಹ್ನ. ಮರುದಿನ ಬಟನ್ ಒತ್ತಿದರೆ ಅರ್ಧ ನಿಮಿಷದೊಳಗೆ ಯಂತ್ರ ಎದ್ದು ಕುಳಿತಿತ್ತು. ‘ಮುಗೀತು’ ಎಂದಿದ್ದ ಲ್ಯಾಪ್‌ಟಾಪ್ ಮತ್ತೆ ನಾಲ್ಕು ವರ್ಷ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಮಕ್ಕಳ ಪ್ರಾಜೆಕ್ಟ್ ಎಲ್ಲವನ್ನೂ ಹೊತ್ತಿತು. ಎಲ್ಲ ಲ್ಯಾಪ್‌ಟಾಪುಗಳಲ್ಲೂ ಹೀಗೆ ಬದಲಾಯಿಸಲು ಆಗುವುದಿಲ್ಲ. ತೆಳುವಾದ ಅನೇಕ ಮಾದರಿಗಳಲ್ಲಿ ರ‍್ಯಾಮನ್ನು ಒಳಗಿನ ಬೋರ್ಡಿಗೆ ಬೆಸೆದೇ ಬಿಟ್ಟಿರುತ್ತಾರೆ. ಕೊಳ್ಳುವಾಗಲೇ “ರ‍್ಯಾಮ್ ಹೆಚ್ಚಿಸಲು ಜಾಗವಿದೆಯೇ?” ಎಂದು ಕೇಳಬೇಕಾದದ್ದು ಅದಕ್ಕಾಗಿ.

ಹಾಗಾದರೆ ಮತ್ತೆ ಹೊಸದನ್ನೇಕೆ ಕೊಂಡೆ? 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅಂದರೆ ಆ ದಿನ ಯಂತ್ರ ನಿಂತುಹೋಗಲಿಲ್ಲ. ಆದರೆ ಕಳ್ಳರು ಹೊಸ ಕಿಂಡಿ ಕಂಡುಹಿಡಿದಾಗ ಅದನ್ನು ಮುಚ್ಚಲು ನಿಯಮಿತವಾಗಿ ಉಚಿತವಾಗಿ ಬರುತ್ತಿದ್ದ ರಕ್ಷಣೆ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಸುಮಾರಾಗಿ ಎಂಟನೆಯ ಅಥವಾ ಅದರ ನಂತರದ ಪೀಳಿಗೆಯ ಪ್ರೊಸೆಸರ್ ಬೇಕು. ನನ್ನದು ನಾಲ್ಕನೆಯ ಪೀಳಿಗೆ. ಬ್ಯಾಂಕಿನ ಕೆಲಸವನ್ನೂ ಅದರಲ್ಲೇ ಮಾಡುತ್ತಿದ್ದುದರಿಂದ ಧೈರ್ಯ ಸಾಲಲಿಲ್ಲ.

ಈ ಬಾರಿ ಅಂಗಡಿಯಲ್ಲಿ ಪ್ರಶ್ನೆ ಕೇಳಿದ್ದು ನಾನು. ರ‍್ಯಾಮ್ ಎಷ್ಟು, ಹೆಚ್ಚಿಸಬಹುದೇ, ಎಸ್‌ಎಸ್‌ಡಿ ಎಷ್ಟು, ವಿಂಡೋಸ್ ಅಸಲಿಯೇ, ಬ್ಯಾಟರಿಗೆ ಎಷ್ಟು ವರ್ಷದ ಗ್ಯಾರಂಟಿ? ಮಾರುವ ಹುಡುಗ ಎರಡನೆಯ ಪ್ರಶ್ನೆಗೇ ಯಜಮಾನರನ್ನು ಬಿಟ್ಟು ನನ್ನ ಕಡೆ ತಿರುಗಿ “ಹೇಳಿ ಮೇಡಂ” ಎಂದ.

ಹೀಗೆ ಗೆದ್ದ ಸಂತೋಷದಲ್ಲಿ ಮನೆಗೆ ಬಂದವಳಿಗೆ ಆ ರಾತ್ರಿಯ ಆಘಾತ ಕಾದಿತ್ತು. ಅಮ್ಮಿಯ ಕಡತ ಯಾಕೆ ಹಾಗಾಯಿತು?

ಕಾರಣ ಸರಳ. ನಾನು ನುಡಿಯಲ್ಲಿ ಟೈಪ್ ಮಾಡುತ್ತಿದ್ದ ಕಾಲದ ಹಳೆಯ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಜಾಗವಿರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಬಾಡಿಗೆಗೆ ಕೂರಿಸಿದ್ದರು. ಪೌಂಡ್ ಗುರುತಿನ ಮನೆಯಲ್ಲಿ ‘ನ’ ಕುಳಿತಿತ್ತು. ಆ ಫಾಂಟ್ ಇರುವ ಯಂತ್ರದಲ್ಲಿ ‘ನ’ ಕಾಣುತ್ತದೆ, ಇಲ್ಲದ ಯಂತ್ರದಲ್ಲಿ ಮನೆಯ ಮೂಲ ಯಜಮಾನನಾದ ಪೌಂಡ್ ಎದ್ದು ನಿಲ್ಲುತ್ತಾನೆ. ಹೊಸ ಯಂತ್ರಕ್ಕೆ ಇನ್ನೂ ನುಡಿ ಹಾಕಿರಲಿಲ್ಲ, ಅಷ್ಟೇ. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಮಾತ್ರ ಕನ್ನಡಕ್ಕೇ ಮೀಸಲಾದ 128 ಮನೆಗಳಿವೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. ನಿಮ್ಮ ಮೊಬೈಲಿನಲ್ಲಿ ಬರುವ ಕನ್ನಡ ಯೂನಿಕೋಡ್. ಅದು ಯಾವ ಯಂತ್ರಕ್ಕೆ ಹೋದರೂ ಕನ್ನಡವಾಗಿಯೇ ಇರುತ್ತದೆ.

ಅಂದರೆ ಅಮ್ಮಿಯ ಮಾತು ಅಳಿದಿರಲಿಲ್ಲ, ಮುಸುಕು ಹಾಕಿಕೊಂಡಿತ್ತು. ಹಳೆಯ ಫಾಂಟ್ ಹಾಕಿದೊಡನೆ ಅಕ್ಷರಗಳು ಮೂಡಿದವು. ಅಲ್ಹಮ್ದುಲಿಲ್ಲಾಹ್ ಎಂದು ಕಣ್ಣೊರೆಸಿಕೊಂಡೆ. ಆದರೆ ಅಷ್ಟಕ್ಕೇ ಬಿಟ್ಟರೆ ನನ್ನ ಮಗಳ ಯಂತ್ರದಲ್ಲಿ ಮತ್ತೆ ಇದೇ ಗತಿ. ಆದ್ದರಿಂದ ಪರಿವರ್ತಕದ ಮೂಲಕ ಇಡೀ ಕಡತವನ್ನು ಯೂನಿಕೋಡಿಗೆ ಬದಲಾಯಿಸಿದೆ. ಪರಿವರ್ತಕ ಎಲ್ಲವನ್ನೂ ಸರಿಯಾಗಿ ಮಾಡಲಿಲ್ಲ. ಅರ್ಕಾವತ್ತು ಅಲ್ಲಲ್ಲಿ ತಪ್ಪಿತು, ಕೆಲವು ಒತ್ತಕ್ಷರಗಳು ಚದುರಿದವು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಸಾಲುಸಾಲಾಗಿ ತಿದ್ದಬೇಕಾಯಿತು.

ಹದಿನೈದು ರಾತ್ರಿ ಹಿಡಿಯಿತು. ಆದರೆ ಆ ಹದಿನೈದು ರಾತ್ರಿ ನಾನು ಅಮ್ಮಿಯ ಜೊತೆಗಿದ್ದೆ. “ಉಪ್ಪು ಕೈಗೆ ಗೊತ್ತಾಗಬೇಕು, ಚಮಚೆಗಲ್ಲ” ಎಂದು ಅವರು ಹೇಳಿದ್ದನ್ನು ನಾನು ಮರೆತೇ ಬಿಟ್ಟಿದ್ದೆ. ಬರೆದಿಟ್ಟ ಮೇಲೆ ಒಮ್ಮೆಯೂ ತೆರೆದು ಓದಿರಲಿಲ್ಲ ಎಂಬುದು ಆಗ ಅರಿವಾಯಿತು. ಉಳಿಸಿಟ್ಟರೆ ಸಾಕು ಎಂದುಕೊಳ್ಳುವ ನಾವು, ಉಳಿಸಿದ್ದನ್ನು ಆಗಾಗ ತೆರೆದು ನೋಡದಿದ್ದರೆ ಅದು ಇದೆಯೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ.

ಈಗ ಹಳೆಯ ಲ್ಯಾಪ್‌ಟಾಪಿನ ವಿಚಾರ. ಅದನ್ನು ಎಕ್ಸ್‌ಚೇಂಜಿಗೆ ಕೊಡಲಿಲ್ಲ. ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಸಿ ಮಗಳಿಗೆ ಕೊಟ್ಟಿದ್ದೇನೆ. ಅವಳ ಓದು, ಬರಹಕ್ಕೆ ಅದು ಧಾರಾಳವಾಯಿತು. 2021ರಲ್ಲಿ ತೆಗೆದ ಟಿಕ್ ಟಿಕ್ ಡಿಸ್ಕನ್ನು ಮಾತ್ರ ಯಾರ ಕೈಗೂ ಕೊಟ್ಟಿಲ್ಲ. ಅದರಲ್ಲಿ ಮನೆಯ ಮದುವೆ, ಹಬ್ಬಗಳ ಹೆಣ್ಣುಮಕ್ಕಳ ಚಿತ್ರಗಳಿವೆ. ಅಳಿಸಿದರಾಯಿತು ಎಂದು ಅನೇಕರು ತಿಳಿಯುತ್ತಾರೆ. ಇಂಥ ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಮಾಡುವುದೆಂದರೆ ಪುಸ್ತಕದ ಪರಿವಿಡಿಯಿಂದ ಹೆಸರನ್ನು ಹೊಡೆದುಹಾಕಿದಂತೆ. ಪುಟ ಒಳಗೇ ಇರುತ್ತದೆ. ಬಲ್ಲವರು ಹುಡುಕಿ ತೆಗೆಯುತ್ತಾರೆ. ಲ್ಯಾಪ್‌ಟಾಪ್ ಮಾರುವುದಾದರೆ ಡಿಸ್ಕನ್ನು ತೆಗೆದಿಟ್ಟುಕೊಳ್ಳಿ, ಇಲ್ಲವೇ ತಿಳಿದವರಿಂದ ನಿಮ್ಮ ಕಣ್ಣೆದುರೇ ಪೂರ್ತಿ ಅಳಿಸಿಸಿ.

ಇನ್ನೊಂದು ಎಚ್ಚರಿಕೆ. ಬೆರಳಿಡುವ ಚೌಕ ಉಬ್ಬಿದಂತೆ ಕಂಡರೆ ಅಥವಾ ಮುಚ್ಚಳ ಸರಿಯಾಗಿ ಕೂರದಿದ್ದರೆ ಒಳಗಿನ ಬ್ಯಾಟರಿ ಊದಿರಬಹುದು. ಒತ್ತಬೇಡಿ, ಚಾರ್ಜ್ ಮಾಡಬೇಡಿ. ಬೆಂಕಿ ಹತ್ತುವ ಅಪಾಯವಿದೆ. ಕೂಡಲೇ ಬಳಸುವುದನ್ನು ನಿಲ್ಲಿಸಿ ದುರಸ್ತಿಯವರಿಗೆ ತೋರಿಸಿ.

ಅಮ್ಮಿಯ ಕಡತ ಈಗ ಮೂರು ಕಡೆ ಇದೆ. ಒಂದು ನನ್ನ ಲ್ಯಾಪ್‌ಟಾಪಿನಲ್ಲಿ, ಒಂದು ಬೀರುವಿನಲ್ಲಿರುವ ಬೇರೆ ಡಿಸ್ಕಿನಲ್ಲಿ, ಇನ್ನೊಂದು ಆಪಾಳ ಮನೆಯಲ್ಲಿ. ಜೊತೆಗೆ ಮುದ್ರಿಸಿ ಹೊಲಿಸಿದ ಒಂದು ಪ್ರತಿ ಅಡಿಗೆಮನೆಯ ಕಪಾಟಿನಲ್ಲಿದೆ. ಅದಕ್ಕಾಗಲೇ ಅರಿಸಿನದ ಕಲೆ ಬಿದ್ದಿದೆ. ಕಳೆದ ವಾರ ಮಗಳು ಅದನ್ನು ನೋಡಿಕೊಂಡು ಮೊದಲ ಬಾರಿಗೆ ದಾಲ್ಚಾ ಮಾಡಿದಳು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಅವಳು ಚಮಚೆಯಲ್ಲಿ ಹಾಕಿದ್ದಳು.

ನಿಮ್ಮ ಮನೆಯ ಯಂತ್ರದಲ್ಲೂ ಯಾರದೋ ಮಾತು, ಯಾರದೋ ಮುಖ ಕುಳಿತಿರಬಹುದು. ಇಂದು ರಾತ್ರಿ ಅರ್ಧ ಗಂಟೆ ಬಿಡುವು ಮಾಡಿಕೊಂಡು ಅದನ್ನೊಮ್ಮೆ ತೆರೆದು ನೋಡುತ್ತೀರಾ?