ಯೋಧರ ಹೆಸರು ಬಾಡಿಗೆಗಿಲ್ಲ

ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಒಲಿಂಪಿಕ್ ಕಂಚು ಕಳೆದುಕೊಂಡಿದ್ದು 1984ರಲ್ಲಿ, ಲಾಸ್ ಏಂಜಲೀಸ್‌ನ ಮೆಮೋರಿಯಲ್ ಕೊಲಿಸಿಯಂನಲ್ಲಿ. 1932ರಲ್ಲಿ ಧ್ಯಾನ್‌ಚಂದ್ ಇದ್ದ ನಮ್ಮ ಹಾಕಿ ತಂಡ ಅಮೆರಿಕವನ್ನು 24–1ರಿಂದ ಬಗ್ಗುಬಡಿದಿದ್ದೂ ಅದೇ ಅಂಗಳದಲ್ಲಿ. 2028ರಲ್ಲಿ ಮತ್ತೆ ಒಲಿಂಪಿಕ್ಸ್ ಅಲ್ಲಿಗೆ ಬರುತ್ತಿದೆ. ಮೂರು ಒಲಿಂಪಿಕ್ಸ್ ಕಂಡ ಮೊದಲ ಕ್ರೀಡಾಂಗಣ ಎಂದು ಆಗ ಎಲ್ಲರೂ ಅದನ್ನು ಹೊಗಳುತ್ತಾರೆ. ಆದರೆ 1923ರಲ್ಲಿ ಕಟ್ಟಿ ಮುಗಿಸಿದಾಗ ಆ ಊರು ಅದನ್ನು ಅರ್ಪಿಸಿದ್ದು ಮೊದಲ ಮಹಾಯುದ್ಧಕ್ಕೆ ಹೋದ ತನ್ನ ಯೋಧರಿಗೆ ಎಂಬುದನ್ನು ಎಷ್ಟು ಜನ ನೆನೆಯುತ್ತಾರೆ?

ಈ ಪ್ರಶ್ನೆಗೆ ಕಾರಣವಿದೆ. ಕೊಲಿಸಿಯಂ ಸಾರ್ವಜನಿಕ ಆಸ್ತಿ. ಅದನ್ನು ದೀರ್ಘಾವಧಿ ಗುತ್ತಿಗೆಗೆ ಪಡೆದಿರುವುದು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. 2018ರಲ್ಲಿ ಈ ವಿಶ್ವವಿದ್ಯಾಲಯ ಕ್ರೀಡಾಂಗಣದ ಹೆಸರನ್ನು 16 ವರ್ಷಗಳಿಗೆ 6.9 ಕೋಟಿ ಡಾಲರಿಗೆ ವಿಮಾನಯಾನ ಕಂಪನಿಯೊಂದಕ್ಕೆ ಕೊಟ್ಟಿತು. ‘ಲಾಸ್ ಏಂಜಲೀಸ್’ ಹೋಗಿ ‘ಯುನೈಟೆಡ್ ಏರ್‌ಲೈನ್ಸ್ ಮೆಮೋರಿಯಲ್ ಕೊಲಿಸಿಯಂ’ ಆಗಬೇಕಿತ್ತು. ಮಾಜಿ ಸೈನಿಕರು ಸಿಡಿದೆದ್ದರು. ಕೌಂಟಿಯ ಜನಪ್ರತಿನಿಧಿ ಜಾನಿಸ್ ಹಾನ್ ಬಹಿರಂಗವಾಗಿಯೇ ವಿರೋಧಿಸಿದರು. ಗಲಾಟೆ ಜೋರಾದಾಗ, ಬೇಕಿದ್ದರೆ ಒಪ್ಪಂದದಿಂದ ಹಿಂದೆ ಸರಿಯುತ್ತೇವೆ ಎಂದು ಕಂಪನಿಯೇ ಹೇಳಿತು. ಕೊನೆಗೆ 2019ರಲ್ಲಿ ರಾಜಿಯಾಯಿತು: ಕಟ್ಟಡದ ಹೆಸರು ಹಳೆಯದೇ, ಒಳಗಿನ ಮೈದಾನಕ್ಕೆ ಮಾತ್ರ ಕಂಪನಿಯ ಹೆಸರು. ಹೇಳುವಾಗ ಬರೆಯುವಾಗ ‘ಲಾಸ್ ಏಂಜಲೀಸ್ ಮೆಮೋರಿಯಲ್ ಕೊಲಿಸಿಯಂನ ಯುನೈಟೆಡ್ ಏರ್‌ಲೈನ್ಸ್ ಫೀಲ್ಡ್’.

ಇದನ್ನು ಹಲವರು ಗೆಲುವೆಂದರು. ನಾನು ಹಾಗೆನ್ನಲಾರೆ. ಇಂಗ್ಲಿಷಿನಲ್ಲಿ ಆ ಹೆಸರು ಶುರುವಾಗುವುದೇ ಕಂಪನಿಯಿಂದ; ಯೋಧರ ಸರದಿ ಅದರ ಬೆನ್ನಿಗೆ. ಇಷ್ಟು ಉದ್ದದ ಹೆಸರನ್ನು ಯಾವ ವೀಕ್ಷಕ ವಿವರಣೆಗಾರ ಪೂರ್ತಿ ಹೇಳುತ್ತಾನೆ? ಬಾಲ ಕತ್ತರಿಸಿದರೆ ಕತ್ತರಿಸಿಹೋಗುವುದು ಸ್ಮಾರಕವೇ.

ಹೆಸರಿಗೇಕೆ ಇಷ್ಟು ಜಗ್ಗಾಟ ಎನ್ನುವವರು ಆ ಕಾಲದ ಚರ್ಚೆಯನ್ನು ನೆನೆಯಬೇಕು. ಮೊದಲ ಮಹಾಯುದ್ಧ ಮುಗಿದಾಗ ಅಮೆರಿಕ, ಬ್ರಿಟನ್, ನ್ಯೂಜಿಲೆಂಡ್‌ನ ಊರೂರುಗಳಲ್ಲಿ ಒಂದೇ ಜಿಜ್ಞಾಸೆ: ಮಡಿದವರಿಗೆ ಕಲ್ಲಿನ ಕಂಬ ನಿಲ್ಲಿಸಬೇಕೋ, ಬದುಕಿರುವವರ ಉಪಯೋಗಕ್ಕೆ ಬರುವ ಸಭಾಂಗಣ, ಆಸ್ಪತ್ರೆ, ಮೈದಾನ ಕಟ್ಟಬೇಕೋ? ಮೈದಾನದ ಪರ ಇದ್ದವರ ವಾದದಲ್ಲಿ ದೊಡ್ಡ ಮನಸ್ಸಿತ್ತು. ಇಪ್ಪತ್ತರ ಹರೆಯದಲ್ಲಿ ಕಂದಕಗಳಲ್ಲಿ ಸತ್ತ ಹುಡುಗರಿಗೆ, ಅವರ ವಯಸ್ಸಿನವರು ಓಡಿ ಆಡುವ ಜಾಗಕ್ಕಿಂತ ಮಿಗಿಲಾದ ಗೌರವ ಯಾವುದು? ವಿರೋಧಿಗಳ ಆತಂಕವೂ ಒಂದೇ ಇತ್ತು: ಉಪಯೋಗದ ಗದ್ದಲದಲ್ಲಿ ಸತ್ತವರು ಮರೆತುಹೋಗುತ್ತಾರೆ.

ಕಂಚಿನ ಸೈನಿಕನ ಪ್ರತಿಮೆಯ ಮುಂದೆ ನಿಂತವನಿಗೆ ಅದು ಯಾರ ನೆನಪಿನದೆಂದು ಯಾರೂ ವಿವರಿಸಬೇಕಿಲ್ಲ; ಮೈದಾನ ಹಾಗಲ್ಲ. ಕೊಲಿಸಿಯಂನ ಪೂರ್ವ ತುದಿಯ ದೊಡ್ಡ ಕಮಾನು, ಅದರ ಮೇಲಿನ ಒಲಿಂಪಿಕ್ ಜ್ಯೋತಿಯ ಕುಂಡ, ಎರಡೂ ಬದಿಯ ಚಿಕ್ಕ ಕಮಾನುಗಳ ಸಾಲು, ಕೆಳಗೆ ಗೋಡೆಗೆ ಹಾಕಿದ ಫಲಕಗಳು ಇವೆಲ್ಲ ಚೆಂದವೇ. ಆದರೆ 77 ಸಾವಿರ ಆಸನಗಳಲ್ಲೊಂದರಲ್ಲಿ ಕೂತು ಫುಟ್‌ಬಾಲ್ ನೋಡುವವನು ಫಲಕ ಓದಲು ಬಂದವನಲ್ಲ. ಅವನಿಗೆ ಯೋಧರನ್ನು ನೆನಪಿಸುವುದು ಟಿಕೆಟಿನ ಮೇಲಿನ ಹೆಸರೊಂದೇ. ಅಂಥ ಸ್ಮಾರಕದಿಂದ ಹೆಸರು ತೆಗೆದರೆ ಉಳಿಯುವುದು ಕಾಂಕ್ರೀಟು ಮತ್ತು ಕುರ್ಚಿಗಳು. ಮೈದಾನವನ್ನು ಸ್ಮಾರಕವಾಗಿ ಆರಿಸಿಕೊಂಡ ಊರು ಹೆಸರು ಕಾಯುವ ಹೊಣೆಯನ್ನೂ ಅಂದೇ ಹೊತ್ತುಕೊಂಡಿತ್ತು.

ವಿಶ್ವವಿದ್ಯಾಲಯದ ಪರ ಒಂದು ಗಟ್ಟಿ ವಾದವಿದೆ, ಅದನ್ನು ತಳ್ಳಿಹಾಕಬಾರದು. ನವೀಕರಣಕ್ಕೆ ತಗುಲಿದ್ದು 31.5 ಕೋಟಿ ಡಾಲರು; ಅದನ್ನು ತೆರಿಗೆದಾರರ ತಲೆಗೆ ಕಟ್ಟಲಿಲ್ಲ. ಒಪ್ಪಿದೆ. ಆದರೆ ಬಾಡಿಗೆಮನೆಗೆ ಸುಣ್ಣಬಣ್ಣ ಹೊಡೆಸಿದವನು ಗೋಡೆಯ ಮೇಲಿನ ಮಾಲೀಕರ ಹಿರಿಯರ ಫೋಟೊ ಇಳಿಸಿ ತನಗೆ ಬೇಕಾದವರದನ್ನು ತೂಗುಹಾಕುವಂತಿಲ್ಲ. ಇನ್ನು ದುಡ್ಡಿನ ಲೆಕ್ಕವನ್ನೇ ನೋಡೋಣ. 16 ವರ್ಷಕ್ಕೆ 6.9 ಕೋಟಿ ಎಂದರೆ ವರ್ಷಕ್ಕೆ ಸುಮಾರು 43 ಲಕ್ಷ ಡಾಲರು. ಅದೇ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಮುಖ್ಯ ತರಬೇತುದಾರನಿಗೆ ಈಗ ಕೊಡುವ ವಾರ್ಷಿಕ ಸಂಬಳ ಅದರ ಎರಡು ಪಟ್ಟಿಗೂ ಹೆಚ್ಚು. ತರಬೇತುದಾರನಿಗೆ ಹಣ ಹೊಂದಿಸಬಲ್ಲ ಸಂಸ್ಥೆ ಯೋಧರ ಹೆಸರನ್ನು ಮುಟ್ಟದೆ ಇರಲೂ ಹಣ ಹೊಂದಿಸಬಹುದಿತ್ತು.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಲ್ಯಾಂಕಾಸ್ಟರ್ ಪಾರ್ಕ್ ನಮ್ಮ ಕ್ರಿಕೆಟ್ ಪ್ರಿಯರಿಗೆ ಗೊತ್ತು. ಅದು ಮೊದಲ ಮಹಾಯುದ್ಧದಲ್ಲಿ ಮಡಿದ ಕ್ಯಾಂಟರ್‌ಬರಿಯ ಕ್ರೀಡಾಪಟುಗಳ ಸ್ಮಾರಕವೂ ಆಗಿತ್ತು. 1998ರಲ್ಲಿ ಅದಕ್ಕೆ ಜೇಡ್ ಎಂಬ ಕಂಪನಿಯ ಹೆಸರು ಬಂತು, 2007ರಲ್ಲಿ ಎಎಂಐ ಎಂಬ ವಿಮಾ ಕಂಪನಿಯದು. 2011ರ ಭೂಕಂಪದಲ್ಲಿ ಕ್ರೀಡಾಂಗಣ ಜಖಂಗೊಂಡು ಆಮೇಲೆ ನೆಲಸಮವಾಯಿತು. ಊರಿನವರು ಉಳಿಸಿಕೊಂಡಿದ್ದು ಆ ಹೆಸರುಗಳನ್ನಲ್ಲ, ಯುದ್ಧಸ್ಮಾರಕದ ಹೆಬ್ಬಾಗಿಲನ್ನು.

ನಮಗೇಕೆ ಈ ಉಸಾಬರಿ? ಬೆಂಗಳೂರು ಮೆಟ್ರೊದ ಹಳದಿ ಮಾರ್ಗದಲ್ಲಿ ಕೋನಪ್ಪನ ಅಗ್ರಹಾರದ ಮುಂದೆ ಇನ್ಫೊಸಿಸ್ ಫೌಂಡೇಶನ್, ಹೆಬ್ಬಗೋಡಿಯ ಮುಂದೆ ಬಯೋಕಾನ್ ಈಗಾಗಲೇ ಸೇರಿವೆ. ನಿಲ್ದಾಣಕ್ಕೆ ದುಡ್ಡು ಕೊಟ್ಟವರ ಹೆಸರು ಹಾಕುವುದಕ್ಕೆ ನನ್ನ ತಕರಾರಿಲ್ಲ. ಅಲ್ಲಿ ಯಾರೂ ಯಾರಿಗಾಗಿಯೂ ಪ್ರಾಣ ಕೊಟ್ಟಿಲ್ಲ. ಆದರೆ ಹೆಸರಿಗೊಂದು ದರ ಗೊತ್ತುಮಾಡಿದ ಆಡಳಿತ ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ಬರೆದಿಡಬೇಕು. ಅದೇ ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ದಳದ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಮಡಿಕೇರಿಯ ಕ್ರೀಡಾಂಗಣಕ್ಕೆ ಜನರಲ್ ತಿಮ್ಮಯ್ಯನವರ ಹೆಸರಿದೆ. ನಾಳೆ ಇವುಗಳ ದುರಸ್ತಿಗೆ ಯಾರಾದರೂ ಹಣ ಹಿಡಿದು ಬಂದರೆ ಏನು ಉತ್ತರ ಕೊಡುತ್ತೇವೆ?

ಯೋಧರ ಸ್ಮರಣೆಗೆ ಕಟ್ಟಿದ, ಯೋಧರ ಹೆಸರಿಟ್ಟ ಯಾವ ಜಾಗದ ಹೆಸರನ್ನೂ ಪೂರ್ತಿಯಾಗಲಿ, ಅರ್ಧವಾಗಲಿ, ಹಿಂದೆ ಮುಂದೆ ಜೋಡಿಸಿಯಾಗಲಿ ಮಾರುವಂತಿಲ್ಲ ಎಂಬ ಒಂದು ಸಾಲನ್ನು ರಾಜ್ಯ ಸರ್ಕಾರ ಈಗಲೇ ನಿಯಮದಲ್ಲಿ ಸೇರಿಸಲಿ. ದಾನಿಗಳಿಗೆ ಒಂದು ಫಲಕ ಸಾಕು. ನಿಮ್ಮ ಊರಿನಲ್ಲೂ ಅಂಥ ಜಾಗವಿದ್ದರೆ ಟೆಂಡರ್ ಪ್ರಕಟಣೆ ಬರುವವರೆಗೆ ಕಾಯಬೇಡಿ. ನಿಮ್ಮ ಶಾಸಕರನ್ನು, ಪಾಲಿಕೆಯವರನ್ನು ಇಂದೇ ಕೇಳಿ.