ಆಹಾರ ಅಲರ್ಜಿ: ಚಿಕಿತ್ಸಾ ಸಂಶೋಧನೆ ಮತ್ತು ತುರ್ತು ಔಷಧಕ್ಕಾಗಿ ಮನವಿ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಇವರಿಂದ:
ಆಹಾರ ಅಲರ್ಜಿ ಇರುವ ಮಕ್ಕಳ ಪೋಷಕರು, ಮೈಸೂರು.

ವಿಷಯ: ಆಹಾರ ಅಲರ್ಜಿ ತಡೆಯುವ ಚಿಕಿತ್ಸೆಗಳ ಸಂಶೋಧನೆಗೆ ನೆರವು ಹಾಗೂ ಅಡ್ರಿನಲಿನ್ ಲಭ್ಯತೆ ಕೋರಿ.

ಮಾನ್ಯರೇ,

ಹಾಲು, ಮೊಟ್ಟೆ, ಶೇಂಗಾ, ಗೋಡಂಬಿ, ಸಿಗಡಿಯಂಥ ಆಹಾರ ಕೆಲವು ಮಕ್ಕಳಿಗೆ ಅಪಾಯಕಾರಿ. ಅವುಗಳಲ್ಲಿನ ಪ್ರೋಟೀನ್ ವಿರುದ್ಧ ದೇಹದಲ್ಲಿ ಐಜಿಇ ಪ್ರತಿಕಾಯಗಳು ಹುಟ್ಟಿಕೊಂಡಿರುತ್ತವೆ. ಮತ್ತೆ ಅದೇ ಆಹಾರ ತಿಂದಾಗ ಕೆಲವೇ ನಿಮಿಷಗಳಲ್ಲಿ ಉಸಿರುಗಟ್ಟಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಇದೇ ಅನಾಫಿಲಾಕ್ಸಿಸ್. ‘ಅದನ್ನು ತಿನ್ನಿಸಬೇಡಿ’ ಎಂಬುದೊಂದೇ ನಮಗೆ ಸಿಗುತ್ತಿರುವ ಸಲಹೆ. ಮದುವೆಯೂಟದಲ್ಲಿ, ಹೋಟೆಲಿನಲ್ಲಿ, ಬೇಕರಿಯಲ್ಲಿ ಯಾವ ತಿನಿಸಿಗೆ ಏನು ಬೆರೆತಿದೆಯೆಂದು ತಿಳಿಯುವುದು ಕಷ್ಟ.

ಈಗ ಪರಿಸ್ಥಿತಿ ಬದಲಾಗುತ್ತಿದೆ. ಶೇಂಗಾ ಪ್ರೋಟೀನನ್ನು ಅತ್ಯಲ್ಪ ಪ್ರಮಾಣದಿಂದ ಹಂತಹಂತವಾಗಿ ಹೆಚ್ಚಿಸಿ ಕೊಡುವ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಅನುಮತಿ ನೀಡಿತು. ಐಜಿಇಯನ್ನೇ ಹಿಡಿದು ತಡೆಯುವ ಒಮಾಲಿಜುಮಾಬ್ ಚುಚ್ಚುಮದ್ದಿಗೆ 2024ರ ಫೆಬ್ರುವರಿಯಲ್ಲಿ ಆಹಾರ ಅಲರ್ಜಿಗೂ ಅಲ್ಲಿ ಅನುಮತಿ ದೊರೆಯಿತು. ಅದರ ಪರೀಕ್ಷೆಯಲ್ಲಿ ಮದ್ದು ಪಡೆದವರಲ್ಲಿ ಶೇ 67ರಷ್ಟು ಮಂದಿ 600 ಮಿಲಿಗ್ರಾಂ ಶೇಂಗಾ ಪ್ರೋಟೀನ್ ತಾಳಿಕೊಂಡರು. ಮದ್ದಿಲ್ಲದ ಚುಚ್ಚುಮದ್ದು ಪಡೆದವರಲ್ಲಿ ಈ ಪ್ರಮಾಣ ಶೇ 7 ಮಾತ್ರ. ಒಮಾಲಿಜುಮಾಬ್ ಅಲರ್ಜಿಯನ್ನು ಗುಣಪಡಿಸುವುದಿಲ್ಲ, ತುರ್ತು ಮದ್ದೂ ಅಲ್ಲ. ಅರಿವಿಲ್ಲದೆ ತಿಂದಾಗ ಆಗುವ ಅಪಾಯವನ್ನು ತಗ್ಗಿಸುತ್ತದೆ. ಭಾರತದಲ್ಲಿ ಇದೇ ಔಷಧವನ್ನು ಆಸ್ತಮಾಕ್ಕೆ ಬಳಸಲಾಗುತ್ತಿದೆ. ಬೆಲೆ ಸಾಮಾನ್ಯ ಕುಟುಂಬದ ಕೈಗೆಟುಕದು.

ವಿದೇಶದ ಸಂಶೋಧನೆಯ ಕೇಂದ್ರದಲ್ಲಿರುವುದು ಶೇಂಗಾ. ನಮ್ಮಲ್ಲಿನ ಚಿತ್ರಣ ಬೇರೆ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 26.5ರಷ್ಟು ಮಂದಿಯ ರಕ್ತದಲ್ಲಿ ಆಹಾರದ ವಿರುದ್ಧ ಐಜಿಇ ಕಂಡುಬಂದರೂ, ಅಲರ್ಜಿ ಇರುವ ಸಾಧ್ಯತೆ ಕಂಡದ್ದು ಶೇ 1.2ರಷ್ಟು ಜನರಲ್ಲಿ ಮಾತ್ರ. ಆದ್ದರಿಂದ ರಕ್ತಪರೀಕ್ಷೆಯೊಂದನ್ನೇ ನಂಬಿ ಮಗುವಿನ ಹಾಲು, ಮೊಟ್ಟೆ ಬಿಡಿಸುವುದೂ ತಪ್ಪಾದೀತು. ಶೇಂಗಾ ಅಲ್ಲದೆ, ನಮ್ಮ ಅಡುಗೆಯ ಬದನೆಕಾಯಿಯ ಅಲರ್ಜಿ ಬಗ್ಗೆಯೂ ಮೈಸೂರಿನಲ್ಲೇ ಅಧ್ಯಯನ ನಡೆದಿದೆ. ನಮ್ಮ ಅಡುಗೆಮನೆಗೆ ಹೊಂದುವ ಚಿಕಿತ್ಸೆಗೆ ನಮ್ಮಲ್ಲೇ ಸಂಶೋಧನೆ ನಡೆಯಬೇಕು.

ಆದಕಾರಣ ನಮ್ಮ ಬೇಡಿಕೆಗಳು ಹೀಗಿವೆ:

1. ವೈದ್ಯಕೀಯ ಕಾಲೇಜುಗಳು ಮತ್ತು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಸಹಯೋಗದಲ್ಲಿ, ಕಡಲೆ, ಬದನೆ ಸೇರಿದಂತೆ ಸ್ಥಳೀಯ ಆಹಾರಗಳ ಅಲರ್ಜಿ ಹಾಗೂ ಅದರ ಚಿಕಿತ್ಸೆ ಕುರಿತ ಸಂಶೋಧನೆಗೆ ರಾಜ್ಯ ಬಜೆಟ್‌ನಲ್ಲಿ ಅನುದಾನ ಮೀಸಲಿಡಬೇಕು.

2. ವೈದ್ಯರ ನಿಗಾದಲ್ಲಿ ಆಹಾರವನ್ನು ತಿನ್ನಿಸಿ ಅಲರ್ಜಿ ಖಚಿತಪಡಿಸುವ ಪರೀಕ್ಷೆಯನ್ನು ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಆರಂಭಿಸಬೇಕು.

3. ಒಮಾಲಿಜುಮಾಬ್ ಯಾರಿಗೆ, ಯಾವಾಗ ಕೊಡಬೇಕೆಂದು ತಜ್ಞರ ಸಮಿತಿಯಿಂದ ಮಾರ್ಗಸೂಚಿ ಪಡೆದು, ತೀವ್ರ ಅಲರ್ಜಿಯಿರುವ ಬಡ ಮಕ್ಕಳಿಗೆ ಸರ್ಕಾರದ ವೆಚ್ಚದಲ್ಲಿ ಒದಗಿಸಬೇಕು.

4. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು 108 ಆಂಬುಲೆನ್ಸ್‌ನಲ್ಲಿ ಅನಾಫಿಲಾಕ್ಸಿಸ್‌ಗೆ ತುರ್ತು ಮದ್ದಾದ ಅಡ್ರಿನಲಿನ್ ಸದಾ ಇರಬೇಕು. ತೊಡೆಯ ಹೊರಭಾಗದ ಸ್ನಾಯುವಿಗೆ ತಡಮಾಡದೆ ಚುಚ್ಚಲು ಸಿಬ್ಬಂದಿಗೆ ತರಬೇತಿ ಕೊಡಬೇಕು. ಪೋಷಕರೇ ಬಳಸಬಹುದಾದ ಅಡ್ರಿನಲಿನ್ ಪೆನ್ ಹಾಗೂ ಮೂಗಿನ ಸ್ಪ್ರೇ ಸುಲಭವಾಗಿ ಸಿಗುವಂತೆ ಮಾಡಲು ಕೇಂದ್ರ ಸರ್ಕಾರವನ್ನು ಒತ್ತಾಯಿಸಬೇಕು.

5. ಶಾಲೆಗಳಲ್ಲಿ ಹಾಲು, ಮೊಟ್ಟೆ ವಿತರಣೆ ಮುಂದುವರಿಯಲಿ. ಆದರೆ ದಾಖಲಾತಿ ವೇಳೆಯೇ ಮಗುವಿನ ಅಲರ್ಜಿ ವಿವರ ಬರೆದುಕೊಂಡು, ಬಿಸಿಯೂಟದ ಅಡುಗೆಯವರಿಗೂ ಶಿಕ್ಷಕರಿಗೂ ತಿಳಿಸಬೇಕು.

6. ಪೊಟ್ಟಣದ ಆಹಾರದ ಮೇಲೆ ಅಲರ್ಜಿಕಾರಕಗಳನ್ನು ನಮೂದಿಸಬೇಕೆಂಬ 2020ರ ಕೇಂದ್ರ ನಿಯಮವನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಿ, ಆ ಮಾಹಿತಿ ಕನ್ನಡದಲ್ಲೂ ಇರುವಂತೆ ನೋಡಿಕೊಳ್ಳಬೇಕು.

ಸಂಶೋಧನೆ ಫಲ ಕೊಡಲು ವರ್ಷಗಳು ಬೇಕು; ಅಡ್ರಿನಲಿನ್ ಒದಗಿಸಲು ಒಂದು ಆದೇಶ ಸಾಕು. ಆದ್ದರಿಂದ ನಾಲ್ಕು ಮತ್ತು ಐದನೇ ಬೇಡಿಕೆಗಳನ್ನು ಬರುವ ಶೈಕ್ಷಣಿಕ ವರ್ಷ ಆರಂಭವಾಗುವ ಮುನ್ನವೇ ಈಡೇರಿಸಬೇಕೆಂದೂ, ಉಳಿದವುಗಳ ಚರ್ಚೆಗೆ ತಜ್ಞರು ಮತ್ತು ಪೋಷಕರ ಸಭೆ ಕರೆಯಬೇಕೆಂದೂ ವಿನಮ್ರವಾಗಿ ಕೋರುತ್ತೇವೆ.


ತಮ್ಮ ವಿಶ್ವಾಸಿಗಳು,
ಆಹಾರ ಅಲರ್ಜಿ ಇರುವ ಮಕ್ಕಳ ಪೋಷಕರು